ಮೂರನೇ ಶೆಡ್ಡಿನ ಪರದೆಯನ್ನು ಎತ್ತುವ ಕುರಿತು

ಮಾನ್ಯ ಓದುಗರಲ್ಲಿ ಮೊದಲಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಲೇಖಕನಲ್ಲ. ಮಧುಗಿರಿಯ ಕಚೇರಿಗಳ ಮುಂದೆ ಮರದ ಕೆಳಗೆ ಕುಳಿತು ಹಲವು ವರ್ಷ ಜನರಿಗೆ ಅರ್ಜಿ ಬರೆದುಕೊಟ್ಟವನು. ಆನಂತರ ಮಿಡಿಗೇಶಿ ಕಡೆಯ ಒಂದು ಟರ್ಕಿ ಕೋಳಿ ಫಾರ್ಮಿನಲ್ಲಿ ಗುಮಾಸ್ತನಾಗಿ ಸೇರಿ ಇಂದಿಗೂ ಅಲ್ಲಿಯೇ ಇದ್ದೇನೆ. ವಿಷಯ, ಉಲ್ಲೇಖ, ಕೋರಿಕೆ ಎಂಬ ಮೂರು ಮೆಟ್ಟಿಲಿಲ್ಲದೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ. ಈ ಬರಹದಲ್ಲಿ ಲೋಪ ಕಂಡುಬಂದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಇದನ್ನು ಬರೆಯಲು ಉಂಟಾದ ಕಾರಣ ಹೀಗಿದೆ. ಕಳೆದ ತಿಂಗಳು ಮಧುಗಿರಿ ಬಸ್ ನಿಲ್ದಾಣದಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದಾಗ, ನಮ್ಮಲ್ಲಿ ಹಿಂದೆ ಶೆಡ್ಡಿನ ಕೆಲಸಕ್ಕಿದ್ದ ಓಬಳೇಶ ಸಿಕ್ಕಿದ. ಪಾವಗಡದವನು, ಮಾತಿನಲ್ಲಿ ಅರ್ಧ ತೆಲುಗು. ಕಾಫಿ ಕುಡಿಯುತ್ತಾ, "ಸಾರ್, ಹುಳದಮ್ಮ ಹೋಗ್ಬುಟ್ರಂತೆ, ಗೊತ್ತಾಯ್ತಾ? ಕೊರಟಗೆರೆತಾವ ಮಗಳ ಮನೇಲಿ. ಮೂರು ವಾರ ಆಯ್ತಂತೆ" ಎಂದ. ನಾನು ಲೋಟ ಕೆಳಗಿಟ್ಟೆ. "ಚಾಲಾ ಮಂಚಿ ಮನಿಷಿ ಸಾರ್" ಎಂದು ಅವರ ಒಳ್ಳೆಯತನವನ್ನು ತಾನೇ ತೆಲುಗಿನಲ್ಲಿ ಹೇಳಿ, "ಆ ರಿಪೋರ್ಟ್ ಬರ್ದಿದ್ದು ನೀವೇ ಅಲ್ವಾ?" ಎಂದು ಕೇಳಿದ. ನನ್ನನ್ನು ನೋಯಿಸಲು ಕೇಳಿದ್ದಲ್ಲ, ನೆನಪು ಸರಿಮಾಡಿಕೊಳ್ಳಲು ಕೇಳಿದ್ದು. ಬಸ್ಸು ಬಂತು. ನಾನು ಹತ್ತಲಿಲ್ಲ.

ಹುಳದಮ್ಮ ಎಂಬುದು ಅವರ ಹೆಸರಲ್ಲ. ಅವರ ಹೆಸರನ್ನು ನಾನು ಕಡೆಯ ಬಾರಿ ಬರೆದದ್ದು ಸದರಿ ವರದಿಯಲ್ಲಿ. ಅದೇ ಕೈಯಿಂದ ಅದನ್ನು ಇಲ್ಲಿ ಮತ್ತೆ ಬರೆಯಲಾರೆ.

ನಮ್ಮಲ್ಲಿಗೆ ಬರುವ ಮೊದಲು ಅವರು ಕೊರಟಗೆರೆ ಸೀಮೆಯಲ್ಲಿ ರೇಷ್ಮೆ ಹುಳು ಸಾಕುವವರ ಮನೆಗಳಲ್ಲಿ ಕೂಲಿಗೆ ದುಡಿದವರು. ಹುಳುಮನೆಯಲ್ಲಿ ಬಿಸಿ ಹೆಚ್ಚಾದರೆ ಗೋಣಿತಾಟು ಒದ್ದೆ ಮಾಡಿ ತೂಗುಹಾಕುವುದು, ತಂಡಿಯಾದರೆ ಇದ್ದಿಲ ಕೆಂಡ ಇಡುವುದು, ಯಾವ ಕಿಟಕಿಯನ್ನು ಎಷ್ಟು ಬೆರಳು ತೆರೆಯಬೇಕೆಂದು ನೋಡುವುದು, ಇದು ಅವರ ಮೂವತ್ತು ವರ್ಷಗಳ ಕೆಲಸ. ಕೆಲಸ ಕೇಳಲು ಬಂದ ದಿನ ಮ್ಯಾನೇಜರ್ ಸಾಹೇಬರು, "ಕೋಳಿ ಸಾಕಿ ಗೊತ್ತಾ?" ಎಂದರು.

"ಇಲ್ಲ ಸ್ವಾಮಿ."

"ಮತ್ತೆ ಏನು ಗೊತ್ತು?"

"ಗಾಳಿ ಗೊತ್ತಾಯ್ತದೆ."

ಸಾಹೇಬರು ನಕ್ಕರು. ನಾನೂ ನಕ್ಕೆ. ಅವರು ನಗಲಿಲ್ಲ. ಮೂರನೇ ಶೆಡ್ಡಿಗೆ ಆಳು ಬೇಕಾಗಿದ್ದರಿಂದ ಸೇರಿಸಿಕೊಂಡೆವು. ಹುಳದಮ್ಮ ಎಂಬ ಹೆಸರು ಆ ವಾರವೇ ಬಂತು.

ಟರ್ಕಿ ಕೋಳಿಯನ್ನು ಹತ್ತಿರದಿಂದ ಕಾಣದವರ ಅವಗಾಹನೆಗಾಗಿ ಎರಡು ಮಾತು. ಅದು ನಾಟಿ ಕೋಳಿಗಿಂತ ಬಹಳ ದೊಡ್ಡದು, ಮೈ ಭಾರ, ಮನುಷ್ಯರ ಹಿಂದೆಯೇ ಬರುವ ಕುತೂಹಲ. ತಲೆ ಮತ್ತು ಕತ್ತಿನ ಮೇಲೆ ಪುಕ್ಕವಿಲ್ಲ. ಆ ಬರಿ ಚರ್ಮ ಹಕ್ಕಿಯ ಸ್ಥಿತಿಗೆ ತಕ್ಕಂತೆ ಕೆಂಪು, ನೀಲಿ, ಬಿಳುಪು ಎಂದು ಬಣ್ಣ ಬದಲಿಸುತ್ತದೆ. ನಮಗೆಲ್ಲ ಅದು ತಮಾಷೆ. ಅವರಿಗೆ ಅದು ದಿನದ ಸಮಾಚಾರ. "ಹುಳ ಬಾಯಿಲ್ದೋವು ಕಣಪ್ಪ, ಸತ್ತ ಮ್ಯಾಲೇ ಗೊತ್ತಾಗದು. ಇವು ಮದ್ಲೇ ಹೇಳ್ತವೆ. ಕೇಳೋರಿಲ್ಲ ಅಷ್ಟೇ" ಎನ್ನುತ್ತಿದ್ದರು.

ಬೆಳಿಗ್ಗೆ ಶೆಡ್ಡಿಗೆ ಹೋದವರು ಮೊದಲು ನೆಲದ ಮೇಲೆ ಕುಳಿತುಬಿಡುತ್ತಿದ್ದರು. ಹಕ್ಕಿಗಳ ಕೆಳಗೆ ನಾವು ಕಡಲೆಕಾಯಿ ಸಿಪ್ಪೆ ಹಾಸುತ್ತೇವೆ. ಅದರ ಮೇಲೆ ಕಾಲು ಚಾಚಿ, ಹಕ್ಕಿಯ ತಲೆಯ ಎತ್ತರಕ್ಕೆ ತಮ್ಮ ತಲೆ ಬರುವಂತೆ ಕುಳಿತು, ಸುಮ್ಮನೆ ಉಸಿರಾಡುತ್ತಿದ್ದರು. ಆಮೇಲೆ ಒಂದು ಹಿಡಿ ಸಿಪ್ಪೆ ತೆಗೆದು ಹಿಸುಕುವುದು. ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ನೆಲ ಒದ್ದೆ. ಒದ್ದೆ ನೆಲದಿಂದ ಘಾಟು ಏಳುತ್ತದೆ, ಹಕ್ಕಿಯ ಅಂಗಾಲು ಹುಣ್ಣಾಗುತ್ತದೆ, ಕಣ್ಣು ನೀರೂರುತ್ತದೆ, ಹುಣ್ಣಾದ ಹಕ್ಕಿ ನಡೆಯದೆ ಕುಳಿತಲ್ಲೇ ಕೂರುತ್ತದೆ. ಇದನ್ನೆಲ್ಲ ನನಗೆ ಅವರೇ ಹೇಳಿದ್ದು. ನಾನು ಬಾಗಿಲಲ್ಲಿ ನಿಂತೇ ಕೇಳಿದೆ.

"ಒಳಿಕ್ ಬಂದು ಒಂದ್ ಗಳಿಗೆ ಕುಂತ್ಕಳಿ ಸ್ವಾಮಿ, ಬಿಳಿ ಪ್ಯಾಂಟು ತೊಳ್ದ್ರೆ ಹೋಯ್ತದೆ" ಎಂದು ಅನೇಕ ಬಾರಿ ಕರೆದಿದ್ದರು. ರಿಜಿಸ್ಟರ್ ಬಾಕಿ ಇದೆಯೆಂದು ನಾನು ತಪ್ಪಿಸಿಕೊಳ್ಳುತ್ತಿದ್ದೆ.

ಒಂದು ಮಾಗಿಯಲ್ಲಿ ಮರಿಗಳು ಬಂದಿದ್ದವು. ತಂಡಿಗೆ ಮರಿಗಳು ಮೂಲೆಗೆ ಒತ್ತರಿಸಿ, ಒಂದರ ಮೇಲೊಂದು ಹತ್ತಿ, ಕೆಳಗಿನವು ಉಸಿರುಗಟ್ಟಿ ಸಾಯುವುದು ನಮ್ಮಲ್ಲಿ ಪ್ರತಿ ಚಳಿಗಾಲದ ಸಂಗತಿ. ಅವರು ಬಂದ ವರ್ಷ ಹಳೆಯ ರಟ್ಟುಗಳನ್ನು ಕೂಡಿಸಿ ಶೆಡ್ಡಿನ ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಿದರು. ಏಕೆಂದು ಕೇಳಿದರೆ, "ಹುಳದ ತಟ್ಟೆಗೆ ಮೂಲೆ ಇರ್ತದಾ? ಮೂಲೆ ಇದ್ರೆ ತಾನೆ ಮೂಲೆ ಸೇರಾದು" ಎಂದರು. ಆ ವರ್ಷ ಮೂರನೇ ಶೆಡ್ಡಿನಿಂದ ನಾನು ಮರಣದ ಕಾಲಂನಲ್ಲಿ ಬರೆದದ್ದು ಅತಿ ಕಡಿಮೆ.

ಇನ್ನೊಮ್ಮೆ ಹಕ್ಕಿಗಳು ಒಂದರ ಬೆನ್ನನ್ನು ಒಂದು ಕುಕ್ಕಿ ರಕ್ತ ಮಾಡತೊಡಗಿದವು. ಕೊಕ್ಕು ಕತ್ತರಿಸಬೇಕೆಂದು ಸಾಹೇಬರು ತೀರ್ಮಾನಿಸಿದ್ದರು. ಹುಳದಮ್ಮ ಎರಡು ದಿನ ಅವಕಾಶ ಕೇಳಿದರು. ಶೆಡ್ಡಿನ ಬದಿಗಳಿಗೆ ಗೋಡೆಯ ಬದಲು ಇಳಿಬಿಟ್ಟ ಪರದೆಯ ಒಂದು ಹರಕಿನಿಂದ ಬಿಸಿಲಿನ ಪಟ್ಟಿ ಬಿದ್ದು, ಅದು ತಾಕಿದ ಪುಕ್ಕ ಹೊಳೆದು, ಸೆಕೆಗೆ ಮೊದಲೇ ಸಿಡಿಮಿಡಿಗೊಂಡಿದ್ದ ಹಕ್ಕಿಗಳು ಆ ಹೊಳಪನ್ನೇ ಕುಕ್ಕುತ್ತಿದ್ದವು. ಹರಕು ಹೊಲಿದು, ಅಗಸೆ ಸೊಪ್ಪಿನ ಕಟ್ಟುಗಳನ್ನು ಅಲ್ಲಲ್ಲಿ ತೂಗುಬಿಟ್ಟರು. "ಕುಕ್ಕಾಕೆ ಏನಾರ ಬೇಕು. ಮನ್ಸರಿಗೂ ಬೇಕು" ಎಂದು ಓಬಳೇಶನ ಮುಖ ನೋಡಿದರು. ಅವನು ಅವರನ್ನು ದಿನವೂ ಛೇಡಿಸುತ್ತಿದ್ದವನು.

ಅವನು ಛೇಡಿಸುವುದಕ್ಕೆ ಮುಖ್ಯ ಕಾರಣ ಅವರ ನಡಿಗೆ. ಬೇಸಿಗೆಯ ಮಧ್ಯಾಹ್ನ ಹಕ್ಕಿಗಳು ಬಾಯಿ ತೆರೆದು, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು, ತೇಕುತ್ತಾ ಕುಸಿದು ಕೂರುತ್ತವೆ. ಕುಳಿತ ಹಕ್ಕಿಯ ಹೊಟ್ಟೆಯಡಿ ಬಿಸಿ ಸಿಕ್ಕಿಕೊಂಡು ಅದು ಇನ್ನಷ್ಟು ಬೇಯುತ್ತದೆ. ಅವರು ಶೆಡ್ಡಿನ ಈ ತುದಿಯಿಂದ ಆ ತುದಿಗೆ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಹಳ ನಿಧಾನವಾಗಿ ನಡೆಯುತ್ತಿದ್ದರು. ದಾರಿ ಬಿಡಲು ಹಕ್ಕಿಗಳು ಏಳುತ್ತಿದ್ದವು, ಎದ್ದಾಗ ಕೆಳಗಿನ ಬಿಸಿ ಬಿಡುಗಡೆಯಾಗುತ್ತಿತ್ತು. ಒಂದು ಹಕ್ಕಿಯೂ ಬೆದರಿ ಹಾರಿದ್ದನ್ನು ನಾನು ಕಾಣೆ.

"ಏಮಮ್ಮಾ, ವಾಕಿಂಗಾ?" ಎಂದು ಓಬಳೇಶ ಹೊರಗಿನಿಂದ ಕೂಗುವನು. "ನಿಮ್ಮ ಮಕ್ಳಿಗೆ ಶುಗರ್ ಬಂದೈತಾ?"

"ಬತ್ತದೆ ಕಣ್ಲಾ, ನಿನ್ನಂಗೆ ತಿಂದು ಕುಂತಿದ್ರೆ. ನೀನೂ ಬಾ, ನಿನ್ನೂ ಎಬ್ಬಿಸ್ತೀನಿ."

ಸ್ಥಿತಿ ಹೀಗಿರಲಾಗಿ, ಫಾರ್ಮಿನ ಮೂರನೇ ಶೆಡ್ಡಿಗೆ ಒಂದು ಪೆಟ್ಟಿಗೆ ಬಂತು. ಶೆಡ್ಡಿನ ಉಷ್ಣಾಂಶವನ್ನು ಅದೇ ಅಳೆದು, ಮಿತಿ ಮೀರದಂತೆ ಮಾಡಿನ ಕೆಳಗಿನ ನಳಿಕೆಗಳಿಂದ ನೀರನ್ನು ಮಂಜಿನಂತೆ ಚಿಮ್ಮಿಸಿ, ಫ್ಯಾನು ತಿರುಗಿಸುವ ಪೆಟ್ಟಿಗೆ. ನಮ್ಮದು ಒಣ ಸೀಮೆ. ಪಾವಗಡದ ಕಡೆಯಿಂದ ಬೀಸುವ ಒಣ ಬಿಸಿಗಾಳಿಯ ದಿನಗಳಲ್ಲಿ ಆ ಮಂಜು ನಿಜಕ್ಕೂ ತಂಪು ಮಾಡುತ್ತಿತ್ತು, ಹುಳದಮ್ಮನೇ ಒಪ್ಪಿದ್ದರು. ಅದರ ಜೊತೆಗೆ ಸಾಹೇಬರ ಆದೇಶವೂ ಬಂತು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಪಕ್ಕದ ಪರದೆಗಳು ಪೂರ್ತಿ ಇಳಿದಿರಬೇಕು, ಮಂಜು ಹೊರಗೆ ಹೋಗಿ ವ್ಯರ್ಥವಾಗಬಾರದು. ಆಳುಗಳು ಮನಬಂದಂತೆ ಎತ್ತದಂತೆ, ಪರದೆ ಸುತ್ತುವ ರಾಟೆಯ ಹ್ಯಾಂಡಲ್ ಕಚೇರಿಯ ಬೀರುವಿನಲ್ಲಿರಬೇಕು. ಬೇಕಾದವರು ಲಿಖಿತ ಅರ್ಜಿ ಕೊಟ್ಟು, ಸಾಹೇಬರ ಒಪ್ಪಿಗೆ ಪಡೆದು ಒಯ್ಯಬೇಕು. ಬೀರುವಿನ ಕೀಲಿ ನನ್ನ ವಶಕ್ಕೆ ಬಂತು. ಆದೇಶವನ್ನು ಚೊಕ್ಕವಾಗಿ ಬರೆದು ಗೋಡೆಗೆ ಅಂಟಿಸಿದವನೂ ನಾನೇ.

ಹುಳದಮ್ಮನ ಮೊದಲ ತಕರಾರು ಅಳತೆಯ ಬಗ್ಗೆ. ಅಳೆಯುವ ಕಡ್ಡಿಯನ್ನು ಮನುಷ್ಯನ ತಲೆಯ ಎತ್ತರಕ್ಕೆ, ಒಂದು ನಳಿಕೆಯ ಪಕ್ಕದಲ್ಲೇ ತೂಗುಹಾಕಿದ್ದರು. "ಅದು ಮಂಜು ಕುಡ್ಕಂಡು ತಣ್ಣಗೈತೆ. ಹಕ್ಕಿ ಇರಾದು ಕೆಳಗೆ. ಅದ್ನ ಮೊಳಕಾಲ ಮಟ್ಟಕ್ಕೆ ಇಳ್ಸಿ ಅಂತ ಬರ್ಕೊಡಿ" ಎಂದರು. ಬರೆದುಕೊಟ್ಟೆ. ಮೊದಲ ಅರ್ಜಿಯಲ್ಲಿ ಅವರ ಹೆಬ್ಬೆಟ್ಟು ಬಿಟ್ಟುಹೋಗಿತ್ತು, ಹಿಂದಿರುಗಿಸಿದೆ. ಎರಡನೆಯದನ್ನು ಮಂಡಿಸಿದೆ, ಉತ್ತರ ಬರಲಿಲ್ಲ. ಮೂರನೆಯದಕ್ಕೆ, "ಹಿಂದಿನ ಪತ್ರ ಪರಿಶೀಲನೆಯಲ್ಲಿರುವುದರಿಂದ" ಎಂದು ಷರಾ ಬರೆದು ನಾನೇ ಕಡತಕ್ಕೆ ಸೇರಿಸಿದೆ. ಅರ್ಜಿ ಬರೆದವನೂ ಅದನ್ನು ತಡೆದವನೂ ಒಬ್ಬನೇ ಎಂಬುದು ಆಗ ನನಗೆ ವಿಚಿತ್ರವಾಗಿ ಕಾಣಲಿಲ್ಲ.

ಆಮೇಲೆ ಆ ದಿನ ಬಂತು. ಬೇಸಿಗೆಯ ಕೊನೆ, ಮೊದಲ ಮಳೆ ಬೀಳುವುದಕ್ಕೆ ಮುಂಚಿನ ದಿನಗಳು. ಗಾಳಿ ಸತ್ತಿತ್ತು. ಹೊಂಗೆ ಎಲೆ ಅಲುಗುತ್ತಿರಲಿಲ್ಲ. ಬೆಟ್ಟದ ಮೇಲೆ ಮೋಡ ಕೂಡಿ, ಮೈಗೆ ಬಟ್ಟೆ ಅಂಟಿಕೊಳ್ಳುತ್ತಿತ್ತು. ಸಾಹೇಬರು ಮೇವಿನ ವಿಚಾರವಾಗಿ ಸಿರಾಕ್ಕೆ ಹೋಗಿದ್ದರು. ಒಂದೂವರೆಗೆ ಹುಳದಮ್ಮ ಕಚೇರಿಯ ಬಾಗಿಲಿಗೆ ಬಂದರು. ಅವರು ಓಡುತ್ತಾ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಹ್ಯಾಂಡಲ್ ಕೊಡಿ ಸ್ವಾಮಿ. ಪರದೆ ಎತ್ಬೇಕು."

"ಪೆಟ್ಟಿಗೆ ಎಷ್ಟು ತೋರಿಸ್ತಿದೆ?"

"ಅದು ಎಲ್ಲಾ ಸರಿಗೈತೆ ಅಂತ್ಲೇ ತೋರಿಸ್ತೈತೆ. ಒಳ್ಗೆ ಇಡ್ಲಿ ಪಾತ್ರೆ ಆಗೈತೆ. ಇವತ್ತು ಗಾಳೀಲೇ ನೀರೈತೆ, ಅದ್ರ ಮ್ಯಾಲೆ ಇವ್ರೂ ನೀರು ಬುಡ್ತಾವ್ರೆ. ಮಂಜು ಆರ್ತಾ ಇಲ್ಲ. ಉಗಿ ಆಗ್ತೈತೆ."

"ಸಾಹೇಬರಿಗೆ ಫೋನ್ ಮಾಡ್ತೀನಿ, ಕೂತ್ಕೊಳಿ."

ಫೋನು ಸಿಗಲಿಲ್ಲ. ಮತ್ತೆ ಮಾಡಿದೆ. ಅರ್ಜಿಯನ್ನಾದರೂ ಸಿದ್ಧಪಡಿಸಿಟ್ಟರೆ, ಸಂಪರ್ಕ ಸಿಕ್ಕ ಕೂಡಲೇ ಬಾಯಿಮಾತಿನ ಒಪ್ಪಿಗೆ ಪಡೆದು ಕೊಡಬಹುದೆಂದು ಆಲೋಚಿಸಿ ಕಾಗದ ತೆಗೆದೆ. "ಮೂರನೇ ಶೆಡ್ಡಿನ ಪರದೆಯನ್ನು ಎತ್ತುವ ಕುರಿತು" ಎಂದು ವಿಷಯ ಬರೆದೆ. ಒಳಗೆ ಒಂದೆಡೆ ಗಾಬರಿಯಲ್ಲಿ ಎರಡನೇ ಶೆಡ್ಡು ಎಂದು ಬಿದ್ದಿತ್ತು. ಹೊಡೆದುಹಾಕಿ ತಿದ್ದಿದರೆ ಸಾಹೇಬರು ಒಪ್ಪುವುದಿಲ್ಲವೆಂದು ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ.

"ಗುಮಾಸ್ತ್ರೇ, ಬರ್ಯಾದು ಆಮ್ಯಾಕೆ ಬರೀರಿ. ಅವು ಕತ್ತು ಚಾಚ್ಬುಟ್ಟವೆ."

"ಇಗೋ ಆಯ್ತು. ಹೆಬ್ಬೆಟ್ಟು ಹಾಕಿ."

ಇಂಕಿನ ಪ್ಯಾಡು ಒಣಗಿತ್ತು. ನೀರು ಚಿಮುಕಿಸಿದೆ. ಅವರು ಹೆಬ್ಬೆಟ್ಟು ಒತ್ತಿದರು, ಸರಿಯಾಗಿ ಮೂಡಲಿಲ್ಲ, ಇನ್ನೊಮ್ಮೆ ಒತ್ತಿದರು. ಆಮೇಲೆ ಆ ಮಸಿಯ ಹೆಬ್ಬೆಟ್ಟನ್ನು ಎತ್ತಿ ನನ್ನ ಮೊಣಕಾಲ ಪಕ್ಕದ ಬೀರುವನ್ನು ತೋರಿಸಿ, ದನಿ ತಗ್ಗಿಸಿ ಹೇಳಿದರು: "ಅಲ್ಲೇ ಐತಲ್ಲಪ್ಪ. ನಾನು ಕಿತ್ಕಂಡೆ ಅಂತ ಹೇಳ್ಬುಡು. ನಾನೂ ಅಂಗೇ ಹೇಳ್ತೀನಿ."

ನನ್ನನ್ನು ಅವರು ಏಕವಚನದಲ್ಲಿ ಕರೆದದ್ದೂ ಅದೊಂದೇ ಸಲ, ಮಗನನ್ನು ಕರೆದಂತೆ. ಕೀಲಿ ನನ್ನ ಜೇಬಿನಲ್ಲಿತ್ತು. "ಫೋನು ಸಿಗ್ಲಿ ತಾಳಿ" ಎಂದೆ.

ಅವರು ತಾಳಲಿಲ್ಲ. ಗಡಿಯಾರ ನೋಡಿದಾಗ ಎರಡು ಇಪ್ಪತ್ತು. ಓಬಳೇಶ ಆಮೇಲೆ ಹೇಳಿದಂತೆ, ಅವರು ನೇರ ಹುಲ್ಲಿನ ಕೊಟ್ಟಿಗೆಗೆ ಹೋಗಿ ಕುಡುಗೋಲು ತಂದು, ಶೆಡ್ಡಿನ ಮೂಡಲ ಪಕ್ಕದ ಪರದೆಯನ್ನು ಮೇಲಿನಿಂದ ಕೆಳಕ್ಕೆ ಸೀಳತೊಡಗಿದರು. ದಪ್ಪ ಪರದೆ. ನಾಲ್ಕು ಅಂಕಣದಷ್ಟು ಸೀಳುವ ಹೊತ್ತಿಗೆ ಕೈ ಸೋತಿತು. ಆಮೇಲೆ ಒಳಗೆ ಹೋಗಿ ಹಕ್ಕಿಗಳನ್ನು ನಡೆಸಲು ನೋಡಿದರು. ಅವು ಏಳಲಿಲ್ಲ. ಏಳದವನ್ನು ಒಂದೊಂದಾಗಿ ಎತ್ತಿಕೊಂಡು ಸೀಳಿನ ಬಳಿಗೆ ತರುತ್ತಿದ್ದರು. ಅಷ್ಟು ಭಾರದ ಹಕ್ಕಿಯನ್ನು, ಆ ಉಗಿಯಲ್ಲಿ, ಆ ವಯಸ್ಸಿನಲ್ಲಿ.

ಸಾಹೇಬರ ಫೋನು ಸಿಕ್ಕಿದ್ದು ಮೂರೂಕಾಲಿಗೆ. "ಎತ್ತಿ, ಅದಕ್ಕೇನು" ಎಂದರು.

ನಾನು ಹ್ಯಾಂಡಲ್ ಹಿಡಿದು ಹೋದೆ. ಅಲ್ಲಿ ಕಂಡದ್ದನ್ನು ಯಾವ ನಮೂನೆಯಲ್ಲಿ ಬರೆಯಬೇಕೋ ತಿಳಿಯದು. ಶೆಡ್ಡಿನ ನಡುವೆಯೂ ಪಡುವಲ ಪಕ್ಕದಲ್ಲೂ ಹಕ್ಕಿಗಳು ತಾವು ಕುಳಿತ ಜಾಗದಲ್ಲೇ ಸತ್ತಿದ್ದವು. ರೆಕ್ಕೆ ಅಗಲಿಸಿ, ಬಾಯಿ ತೆರೆದು, ಕತ್ತು ಸಿಪ್ಪೆಯ ಮೇಲೆ ಚಾಚಿ. ಅವುಗಳ ಮೇಲೆ ಮಂಜು ಇನ್ನೂ ಬೀಳುತ್ತಲೇ ಇತ್ತು. ಪೆಟ್ಟಿಗೆಯ ಅಂಕಿ ಮಿತಿಯೊಳಗೇ ಇತ್ತು. ಬದುಕಿದ್ದ ಹಕ್ಕಿಗಳೆಲ್ಲ ಮೂಡಲ ಪಕ್ಕದಲ್ಲಿದ್ದವು, ಸೀಳಿದ ಪರದೆಯ ಉದ್ದಕ್ಕೂ, ಹೊರಗೆ ಕೊಕ್ಕು ಇಟ್ಟುಕೊಂಡು. ಅಲ್ಲಿ ಒಂದೂ ಸತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದೆ. ಹುಳದಮ್ಮ ಆ ಹಕ್ಕಿಗಳ ನಡುವೆ ಕಾಲು ಚಾಚಿ ಕುಳಿತಿದ್ದರು. ನನ್ನ ಕೈಯಲ್ಲಿದ್ದ ಹ್ಯಾಂಡಲನ್ನು ನೋಡಿದರು. ನಾಲ್ಕೂವರೆಗೆ ಮಳೆ ಬಂತು, ಜೋರಾಗಿ.

ಮಾರನೆಯ ದಿನ ಮಾಲೀಕರಿಗೆ ವರದಿ ಹೋಗಬೇಕಿತ್ತು. ಸಾಹೇಬರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. "ಸದರಿ ಕೆಲಸಗಾರ್ತಿಯು ಅನುಮತಿಯಿಲ್ಲದೆ ಕುಡುಗೋಲಿನಿಂದ ಪರದೆ ಸೀಳಿ ಒಳನುಗ್ಗಿದ್ದರಿಂದ ಹಕ್ಕಿಗಳು ಬೆದರಿ, ಸೀಳಿದ ಭಾಗದತ್ತ ನೂಕುನುಗ್ಗಲಾಗಿ, ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಮೃತಪಟ್ಟಿರುತ್ತವೆ. ಯಂತ್ರದ ಅಂಕಿ ಸಹಜವಾಗಿತ್ತು." ಬರೆಯುವಾಗ ನನ್ನ ಲೇಖನಿ ಒಂದು ಕ್ಷಣ ನಿಂತಿತು. ಸಾಹೇಬರು, "ಅಂಕಿ ಸಹಜ ಇತ್ತೋ ಇಲ್ವೋ?" ಎಂದರು. ಇತ್ತು. "ಮತ್ತೆ ಬರೀರಿ" ಎಂದರು. ಪ್ರತ್ಯಕ್ಷ ಸಾಕ್ಷಿ ಎಂದು ಕೆಳಗೆ ನನ್ನ ಸಹಿ ಇದೆ. ಕೆಲಸದಿಂದ ತೆಗೆದ ಪತ್ರವನ್ನೂ ನಾನೇ ಬರೆದೆ. ಅದರಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ.

ಪತ್ರವನ್ನು ಅವರಿಗೆ ಓದಿ ಹೇಳಬೇಕಾಗಿತ್ತು. ಅವರು ಚೀಲ ಕಟ್ಟಿಕೊಂಡು ಮಿಡಿಗೇಶಿಯ ಬಸ್ಸಿಗೆ ನಿಂತಿದ್ದರು. ಓದಿದೆ. ಪೂರ್ತಿ ಕೇಳಿದರು. "ನಾನು ಬೆದರ್ಸಿದ್ನಾ?" ಎಂದು ಕೇಳಿದರು. ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು. ಅಂದರೆ ನನ್ನ ಒಕ್ಕಣೆ ಅಷ್ಟು ಗಟ್ಟಿಯಾಗಿತ್ತು. ಮೂವತ್ತು ವರ್ಷ ಗಾಳಿ ನೋಡಿದವರಿಗೆ ತಮ್ಮ ಕಾಲ ನಡಿಗೆಯ ಮೇಲೆಯೇ ಅನುಮಾನ ಹುಟ್ಟಿಸುವಷ್ಟು.

ಇಲ್ಲ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಬೇಕಿತ್ತು. "ಮೇಲಿನವರ ತೀರ್ಮಾನ ಅಮ್ಮ" ಎಂದೆ.

"ಆಗ್ಲಿ ಬುಡಿ" ಎಂದರು. ಬಸ್ಸು ಹತ್ತುವಾಗ ತಿರುಗಿ, "ಮಿಕ್ಕಿರೋವ್ನ ನಡುಸ್ರಪ್ಪ, ಸೆಕೆ ಇನ್ನೂ ಐತೆ" ಎಂದರು.

ಕೊರಟಗೆರೆಗೆ ಹೋಗಿ ಆ ಒಂದು ಮಾತು ಹೇಳಿಬರಬೇಕೆಂದು ನಾನು ಅಂದುಕೊಳ್ಳದ ತಿಂಗಳಿಲ್ಲ. ದೂರವೇನಲ್ಲ. ರಜೆಯ ಅರ್ಜಿಯನ್ನು ಎರಡು ಸಲ ಬರೆದೂ ಇದ್ದೆ. ಅವರು ಆ ಪ್ರಶ್ನೆಯನ್ನು ಜೊತೆಯಲ್ಲಿಟ್ಟುಕೊಂಡೇ ಹೋದರೋ, ಅಥವಾ ತಾವೇ ಉತ್ತರ ಕಂಡುಕೊಂಡಿದ್ದರೋ, ಈಗ ಕೇಳುವಂತಿಲ್ಲ.

ಓಬಳೇಶ ಸಿಕ್ಕಿದ ಮಾರನೆಯ ದಿನ ನಾನು ಮೂರನೇ ಶೆಡ್ಡಿಗೆ ಹೋಗಿ, ಮೊದಲ ಬಾರಿಗೆ, ಸಿಪ್ಪೆಯ ಮೇಲೆ ಕುಳಿತೆ. ಹೊಸ ಹಕ್ಕಿಗಳು. ಪರದೆ ಇಳಿದಿತ್ತು. ನಿಂತಾಗ ತಂಪಿತ್ತು, ಕುಳಿತ ಕೂಡಲೇ ಘಾಟು ಕಣ್ಣಿಗೆ ಹೊಡೆಯಿತು, ಮುಖಕ್ಕೆ ಬಿಸಿ ಅಡರಿತು. ಅಷ್ಟೇ ಎತ್ತರದ ವ್ಯತ್ಯಾಸ. ಹಕ್ಕಿಗಳು ಸುತ್ತ ನೆರೆದು, ಕತ್ತು ಓರೆಮಾಡಿ ನನ್ನ ಮುಖವನ್ನೇ ನೋಡಿದವು. ಕೆಲವು ಬಾಯಿ ತೆರೆದಿದ್ದವು. ಐದು ನಿಮಿಷವೂ ಕೂರಲಾಗಲಿಲ್ಲ. ಎದ್ದು ಕಚೇರಿಗೆ ಬಂದು, ಅಳತೆಯ ಕಡ್ಡಿಯನ್ನು ಕೆಳಗಿಳಿಸುವ ಕುರಿತು ನನ್ನದೇ ಹೆಸರಿನಲ್ಲಿ ಅರ್ಜಿ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಹಕ್ಕಿಗಳು ಸತ್ತಾಗಿನ ವರದಿಯಲ್ಲಿ ಬರೆದದ್ದು ಸುಳ್ಳೆಂದು ಅದರ ಕೆಳಗೆ ಸೇರಿಸಲು ಒಂದು ಸಾಲು ಜಾಗ ಬಿಟ್ಟಿದ್ದೆ. ಆ ಸಾಲು ಖಾಲಿಯಾಗಿಯೇ ಹೋಯಿತು.

ಆದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಕ್ಕಿಗಳನ್ನು ಅವರು ಬೆದರಿಸಲಿಲ್ಲ. ಉಳಿದವು ಅವರಿಂದ ಉಳಿದವು. ಸತ್ತವು, ಅವರು ನನ್ನೆದುರು ಕಾದಿದ್ದ ಐವತ್ತು ನಿಮಿಷವೂ ನನ್ನ ಜೇಬಿನಲ್ಲಿದ್ದ ಕೀಲಿಯಿಂದ ಸತ್ತವು.

ನನ್ನ ಅರ್ಜಿ ಪರಿಶೀಲನೆಯಲ್ಲಿದೆ ಎಂದು ತಿಳಿದುಬಂದಿದೆ. ಇಂದು ಗಾಳಿಯಿಲ್ಲ, ಬೆಟ್ಟದ ಮೇಲೆ ಮೋಡ ಕೂಡುತ್ತಿದೆ, ಗಂಟೆ ಹನ್ನೆರಡೂವರೆ. ಪರದೆಗಳು ಇಳಿದಿವೆ. ಹ್ಯಾಂಡಲ್ ಬೀರುವಿನಲ್ಲಿದೆ, ಕೀಲಿ ನನ್ನ ಬಳಿ ಇದೆ. ಸಾಹೇಬರಿಗೆ ಫೋನು ಮಾಡಿದ್ದೇನೆ. ಸಿಗುತ್ತಿಲ್ಲ.